ಫರಸಿ ಧೂಳಿನ ಸಾಕ್ಷಿ

ಮಷೀನಿನ ಸದ್ದು ಬೇರೆಯಾಗಿದೆ, ಹೌದು, ಕಾರ್ಖಾನೆಯ ಗೇಟಿನ ಹೊರಗೆ ನಿಂತ ನನಗೂ ತಿಳಿಯುತ್ತಿದೆ, ಒಣಕಲ್ಲು ಕೊಯ್ಯುವಾಗ ಬ್ಲೇಡು ಚೀರುತ್ತಿತ್ತು, ಈಗ ನೀರಿನಲ್ಲಿ ನೆನೆದು ಗುಂಯ್‌ಗುಡುತ್ತಿದೆ, ಜೇವರ್ಗಿ ರಸ್ತೆಯ ಲಾರಿಗಳು ಹಾದುಹೋದ ಮೇಲೆ ಚೆನ್ನಾಗಿ ಕೇಳುತ್ತದೆ, ಕೇಳು ಕಾಶಿಬಾಯಿ, ನನಗೆ ನಾನೇ ಹೇಳಿಕೊಳ್ಳುತ್ತೇನೆ, ಇದು ನೀನು ತರಿಸಿದ ನೀರು — ಹನ್ನೊಂದು ವರ್ಷ ಇಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ದೆ, ಧೂಳು ಉಂಡೆ, ಧೂಳನ್ನೇ ಉಸಿರಾಡಿದೆ, ಒಂದು ದಿನ ಮನೆಯ ಮೂರು ಮೆಟ್ಟಿಲು ಹತ್ತಲಾರದೆ ಎರಡನೆಯದರಲ್ಲೇ ಕೂತುಬಿಟ್ಟೆ, ಕಲಬುರಗಿಯ ಡಾಕ್ಟರಮ್ಮ ಎಕ್ಸ್‌ರೇ ಬೆಳಕಿಗೆ ಹಿಡಿದು, ಇದು ಟಿಬಿ ಅಲ್ಲವ್ವಾ, ಎದ್ಯಾಗ ಕಲ್ಲಿನ ಪುಡಿ ಕೂತದ, ಇನ್ನ ಧೂಳಿನ ಹತ್ರ ಹೋಗಬ್ಯಾಡ ಅಂದರು, ಅದೇ ಕಾಗದ ಮ್ಯಾನೇಜರ್ ಮುಂದಿಟ್ಟರೆ ಅವನು ಓದಲೂ ಇಲ್ಲ, ನಿನ್ನ ಒಲೆಯ ಹೊಗೆಗೆ ಕಂಪನಿ ಏನು ಮಾಡಬೇಕು ಎಂದ, ಒಲೆಯ ಹೊಗೆಯಂತೆ, ಮನೆಗೆ ಗ್ಯಾಸ್ ಬಂದು ಆರು ವರ್ಷವಾಗಿತ್ತು, ಅವನಿಗೆ ಹೇಳಲಿಲ್ಲ, ಕೋರ್ಟಿನಲ್ಲಿ ಹೇಳಿದೆ.

ಎರಡು ವರ್ಷ ಬರೀ ತಾರೀಖು, ಕಂಪನಿಯ ವಕೀಲರದು ಒಂದೇ ಮಾತು, ಎಲ್ಲರಿಗೂ ಮಾಸ್ಕ್ ಕೊಟ್ಟಿದ್ದೇವೆ, ಇವಳೇ ಹಾಕಿಕೊಂಡಿಲ್ಲ — ಅದಕ್ಕೆ ಸಾಕ್ಷಿ ಎಂದು ಅವರು ಕರೆತಂದದ್ದು ಖಮರಳನ್ನು, ನನ್ನ ಪಕ್ಕದ ಮಷೀನಿನ ಖಮರ, ನನ್ನ ಬುತ್ತಿಯ ರೊಟ್ಟಿ, ಶೇಂಗಾ ಹಿಂಡಿ ದಿನಾ ಹಂಚಿಕೊಂಡವಳು, ಕಂಪನಿಯ ಜೀಪಿನಿಂದ ಇಳಿದಳು, ನನ್ನತ್ತ ನೋಡಲಿಲ್ಲ, ಅವಳಿಗೂ ಮೂರು ಮಕ್ಕಳು, ಬೈಯಬಾರದು ಎಂದುಕೊಂಡೆ, ಮಾಸ್ಕ್ ಕೊಟ್ಟಿದ್ದಾರೋ ಇಲ್ಲವೋ ಎಂದು ಕಂಪನಿಯ ವಕೀಲರು ಕೇಳಿದರು, ಕೊಟ್ಟಾರ್ರಿ ಅಂದಳು, ವಕೀಲರು ಸಾಕು ಎಂದು ಕೂತರು, ಅವಳು ಕಟಕಟೆಯಿಂದ ಇಳಿಯಲಿಲ್ಲ, ಸಾಹೇಬ್ರ, ಇನ್ಸ್‌ಪೆಕ್ಟರ್ ನೋಡಾಕ ಬರೋ ದಿನ ಮುಂಜಾನಿ ಕೊಡ್ತಾರ್ರಿ, ಸಂಜಿಕ ವಾಪಸ್ ಇಸ್ಕೋತಾರ್ರಿ, ನನಗೂ ಕೆಮ್ಮು ಅದರಿ — ಆಗ ನನ್ನತ್ತ ನೋಡಿದಳು, ಮರುದಿನ ಅವಳನ್ನು ಇದೇ ಗೇಟಿನಲ್ಲಿ ತಡೆದರು, ಪಾಳಿಗೆ ಬಂದ ಹೆಂಗಸರಲ್ಲಿ ಒಬ್ಬಳೂ ಒಳಗೆ ಹೋಗಲಿಲ್ಲ, ನಾನೂ ಬಂದು ಅವರ ನಡುವೆ ಕೂತೆ, ನಾಲ್ಕನೆಯ ದಿನ ಮ್ಯಾನೇಜರೇ ಹೊರಗೆ ಬಂದು ಖಮರಳನ್ನು ಹೆಸರು ಹಿಡಿದು ಕರೆದ, ಬರ್ರಿ ಎಂದ, ಅವನ ಬಾಯಲ್ಲಿ ನಮಗೆ ಬರ್ರಿ — ಆಮೇಲೆ ತೀರ್ಪು, ಕಲ್ಲಿನ ಧೂಳಿನಿಂದಲೇ ಬಂದ ರೋಗ, ಕಂಪನಿಯೇ ಹೊಣೆ, ವಕೀಲರಿಂದ ಮೂರು ಸಲ ಓದಿಸಿದೆ, ಹೊಣೆ, ಎಂಥ ಚಂದದ ಮಾತು, ಅದರ ಹಿಂದೆಯೇ ಕಾರ್ಖಾನೆ ಇಲಾಖೆಯವರು ಬಂದು, ಧೂಳು ಏಳದಂತೆ ನೀರಿನ ಪೈಪು ಹಾಕುವವರೆಗೆ ಮಷೀನು ತಿರುಗಕೂಡದು ಎಂದು ಬೀಗ ಜಡಿದರು, ಇವತ್ತು ಬೀಗ ತೆಗೆದ ಮೊದಲ ದಿನ, ನನ್ನ ಎದೆ ಹಳೆಯದೇ, ಇಲ್ಲಿಗೆ ಬರುವಷ್ಟರಲ್ಲಿ ಎರಡು ಸಲ ನಿಂತೆ, ನಿಂತರೇನು, ಬಂದೆ, ಗೆದ್ದು ಬಂದೆ — ಪಾಳಿ ಬಿಟ್ಟಿತು, ಎಲ್ಲರೂ ಬರುತ್ತಿದ್ದಾರೆ, ಮುಂದೆ ಖಮರ, ಯಾಕ ಬೇ, ಹಂಗ ನೋಡಾಕತ್ತಿ ಅನ್ನುತ್ತಾಳೆ, ಇಷ್ಟು ವರ್ಷ ಈ ಹೊತ್ತಿಗೆ ಕಲ್ಲಿನ ಧೂಳು ಕೂತು ಅವಳ ಮುಖ ಬೂದಿ ಬಳಿದಂತೆ ಇರುತ್ತಿತ್ತು, ಈಗ ಅವಳ ಹುಬ್ಬು ಕಾಣುತ್ತಿದೆ, ಕಪ್ಪಗಿದೆ, ಸಂಜೆ ಆರಕ್ಕೂ ಕಪ್ಪು, ಅವಳ ಹುಬ್ಬು, ಕಪ್ಪು ಹುಬ್ಬು —