ಎಂಜಿನ್ ಮಾತಾಡುವಾಗ

ಚಳ್ಳಕೆರೆಯ ಎಣ್ಣೆಮಿಲ್ಲಿನ ಮನೆಯ ಮಗ ಶಶಿಕಾಂತನಿಗೆ ಉಗಿ ಎಂಜಿನ್ನಿನ ಹುಚ್ಚು. ಊರ ಹಳಿಯ ಮೇಲೆ ಅಂಥ ಎಂಜಿನ್ ಓಡುವುದು ನಿಂತು ಬಹುಕಾಲವಾದ ಮೇಲೆ ಹತ್ತಿದ ಹುಚ್ಚು ಅದು. ಕಂಡವರಿಗಾದರೆ ಆಸೆ ತೀರಿರುತ್ತದೆ, ಕಾಣದವರಿಗೆ ತೀರುವುದೆಂತು? ದೇಶದ ಯಾವ ಮೂಲೆಯಲ್ಲಿ ಹಳೆಯ ಎಂಜಿನ್ ಹೊರತೆಗೆದು ಓಡಿಸುತ್ತಾರೆಂಬ ಸುದ್ದಿ ಬಂದರೂ ಮೊಳಕಾಲ್ಮೂರಿನ ಈರೇಶನನ್ನೂ ತಳಕಿನ ಪಾಲಾಕ್ಷನನ್ನೂ ಎಬ್ಬಿಸಿಕೊಂಡು ಹೊರಟುಬಿಡುತ್ತಿದ್ದ. ಫೋಟೊದ ಹಂಬಲ ಈ ಮೂವರಿಗಿರಲಿಲ್ಲ. ಅವರು ಹಿಡಿದು ತರುತ್ತಿದ್ದುದು ಸದ್ದು.

ತಂದ ಮೇಲೆ ಪಂದ್ಯ. ಇಬ್ಬರು ತಲೆಯ ಮೇಲೆ ಟವಲ್ ಹೊದ್ದು ಕೂರಬೇಕು, ಮೂರನೆಯವನು ಒಂದೊಂದೇ ಸದ್ದು ಹಾಕಬೇಕು. ಇದು ಯಾವ ಎಂಜಿನ್, ಏರು ಹತ್ತುತ್ತಿದೆಯೋ ಇಳಿಯುತ್ತಿದೆಯೋ, ಯಾವುದು ದೈತ್ಯ, ಯಾವುದು ಬರೀ ಬಾಯಿಬಡಕ? ಸೋತವನು ಮಂಡಕ್ಕಿ ಮಿರ್ಚಿ ಕೊಡಿಸಬೇಕು. ಅಮೆರಿಕದ ದೈತ್ಯ 'ಬಿಗ್ ಬಾಯ್' ಮತ್ತೆ ಹಳಿಗಿಳಿದ ವಿಡಿಯೊ ಬಂದಾಗಲಂತೂ ಜಗಳ ವಾರಗಟ್ಟಲೆ ನಡೆದಿತ್ತು. ಒಂದೇ ಬಾಯ್ಲರಿನ ಕೆಳಗೆ ಎರಡು ಜೊತೆ ಯಂತ್ರ. ಅವುಗಳ ಬಡಿತ ಒಮ್ಮೆ ಕೂಡುತ್ತದೆ, ಒಮ್ಮೆ ಅಗಲುತ್ತದೆ. "ಒಂದೇ ಒರಳಿಗೆ ಎರಡು ಒನಕೆ ಹಾಕ್ದಂಗೆ ಐತೆ ಕಣ್ಲೇ," ಎಂದಿದ್ದ ಶಶಿಕಾಂತ. ಆದರೂ ಹರಿಯಾಣದ ರೇವಾರಿಯ ಶೆಡ್ಡಿನಲ್ಲಿರುವ ನಮ್ಮ ಎಂಜಿನ್ನೇ ದೊಡ್ಡದೆಂದು ಕೊನೆಯವರೆಗೂ ಹಟ ಬಿಡಲಿಲ್ಲ.

ಅವರಿಗೆ ಇದ್ದದ್ದು ಒಂದೇ ಕಟ್ಟಳೆ. ಎಂಜಿನ್ ಮಾತಾಡುವಾಗ ಮನುಷ್ಯ ಮಾತಾಡಬಾರದು.

ಆ ಕಟ್ಟಳೆಯೇ ಈಗ ಶಶಿಕಾಂತನ ಹೆಂಡತಿ ದೀಪಿಕಾಳ ಕೊರಳಿಗೆ ಬಂದಿತ್ತು.

ಹೋದ ವರ್ಷ ಹಿರಿಯೂರು ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಶಶಿಕಾಂತ ಹೋದ. ಫೋನೂ ಅಲ್ಲೇ ನುಚ್ಚುನೂರಾಯಿತು. ದೀಪಿಕಾ ಮೊಳಕಾಲ್ಮೂರಿನ ಕಾಲೇಜಿನಲ್ಲಿ ಪಾಠ ಮಾಡುವವಳು. ಮತ್ತೆ ಬಸ್ಸು ಹಿಡಿದಳು, ಹಾಜರಿ ಕೂಗಿದಳು, ಕೊಟ್ಟದ್ದು ಉಂಡಳು. ಗಟ್ಟಿಗಿತ್ತಿ ಎಂದರು ಜನ. ಗಟ್ಟಿಯೋ ಮರಗಟ್ಟಿದ್ದೋ, ಅವಳಿಗೂ ತಿಳಿಯಲಿಲ್ಲ. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಥಟ್ಟನೆ ಹೊಳೆಯಿತು: ಅವನ ಮಾತುಗಳು ನೆನಪಿವೆ, ದನಿ ನೆನಪಿಲ್ಲ.

ಮದುವೆಯ ವಿಡಿಯೊ ಹಾಕಿದಳು. ಉದ್ದಕ್ಕೂ ಸಿನಿಮಾ ಹಾಡು. ಅವನು ತುಟಿಯಾಡಿಸುತ್ತಿದ್ದ, ಹಾಡು ಯಾರದೋ. ಅವನ ಪೆಟ್ಟಿಗೆಯಲ್ಲಿದ್ದ ಪೆನ್‌ಡ್ರೈವ್‌ಗಳಿಂದ ಸದ್ದುಗಳನ್ನೆಲ್ಲ ತೆಗೆದು ಕೇಳಿದಳು. ಸಿಳ್ಳೆ, ಉಗಿ, ಗಾಳಿ, ಎಲ್ಲೋ ಒಂದು ನವಿಲು. ಅವನ ಒಂದು ಕೆಮ್ಮೂ ಇಲ್ಲ. ಅಷ್ಟೂ ಹೊತ್ತು ಅವನು ಅಲ್ಲೇ ನಿಂತಿದ್ದ, ಉಸಿರು ಬಿಗಿಹಿಡಿದು.

ಹಾಗಾಗಿ ಶನಿವಾರ ಪಾಠ ಮುಗಿಸಿ ನೇರ ಈರೇಶನ ಮನೆಗೆ ಹೋದಳು. ಅವನು ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ರೇಷ್ಮೆ ಸೀರೆ ನೇಯುತ್ತಿದ್ದ. ಪಕ್ಕದಲ್ಲಿ ಅವನ ಅವ್ವ ಮುದ್ದಕ್ಕ ರಾಟೆ ಹಿಡಿದಿದ್ದಳು.

"ಏಮ್ಮಾ, ಹಿಂಗ್ ಸೊರಗೀಯ! ಬಾ, ಕೂಕೋ."

ದೀಪಿಕಾ ಕೂತಳು. ಸುತ್ತಿಬಳಸಿ ಮಾತಾಡಲು ಅವಳಿಗೆ ಬರುತ್ತಿರಲಿಲ್ಲ. "ಈರೇಶ್, ಅವರ ದನಿ ಇರೋದು ನಿಮ್ಮ ಹತ್ರ ಏನಾದ್ರೂ ಐತಾ?"

ಲಾಳಿ ನಿಂತಿತು. "ಎಲ್ಲಾ ಕತ್ತರಿಸಿದ್ದು ನಾನೇ ಅತ್ಗೆ. ಹಿಂದೆ ಮುಂದೆ ನಮ್ಮ ಮಾತು ಸೇರ್ಕಂಡಿದ್ರೆ ತೆಗೆದು ಬಿಸಾಕ್ತಿದ್ದೆ. ಯಾರಿಗ್ ಗೊತ್ತಿತ್ತು…"

"ಅದೊಂದು ಐತಲ್ಲೋ," ಎಂದಳು ಮುದ್ದಕ್ಕ. "ನೀವು ಹಾಕ್ಕಂಡು ಹಲ್ಕಿರೀತಿದ್ರಲ್ಲ, ಅದು."

"ಅವ್ವ, ಸುಮ್ನಿರೇ."

"ಯಾಕ್ ಸುಮ್ನಿರ್ಲಿ? ಹುಡುಗಿ ಕೇಳ್ಕಂಡು ಬಂದೈತೆ."

ಈರೇಶ ತಲೆ ಕೆರೆದುಕೊಂಡ. ಎಂಜಿನ್ ಸದ್ದಿನ ನಡುವೆಯೇ ಯಾರಾದರೂ ಮಾತಾಡಿ ರೆಕಾರ್ಡಿಂಗ್ ಕೆಡಿಸಿದರೆ ಅದನ್ನು ಅಳಿಸುವಂತಿರಲಿಲ್ಲವಂತೆ. ಕೂಡಿದಾಗಲೆಲ್ಲ ಹಾಕಿ ಕೆಡಿಸಿದವನ ಮರ್ಯಾದೆ ತೆಗೆಯಬೇಕು, ಅದೇ ಶಿಕ್ಷೆ. "ಅವ್ನು ಕೆಡಿಸಿದ್ದು ಒಂದೇ. ರೇವಾರೀದು. ಬೈಗುಳ ಐತೆ, ನಿಮ್ಮನ್ನೂ ಆಡ್ಕಂಡಿದೀವಿ. ಹೆಂಗ್ ಕೇಳಿಸ್ಲಿ ಅಂತ…"

"ಕೇಳಿಸಿ."

ಅವನು ಅವಳ ಕಿವಿಗೆ ಹೆಡ್‌ಫೋನ್ ಇಟ್ಟ. ಮುದ್ದಕ್ಕ ತಾನಾಗಿಯೇ ರಾಟೆ ನಿಲ್ಲಿಸಿದಳು.

ಮೊದಲು ಗಾಳಿ. ದೂರದಲ್ಲೊಂದು ಸಿಳ್ಳೆ. ಇದ್ದಕ್ಕಿದ್ದಂತೆ ಅದರೊಳಗೇ ಒಂದು ಫೋನು ಬಡಿದುಕೊಂಡಿತು. ಥೂ, ಎಂದಿತು ಪಾಲಾಕ್ಷನ ಬಾಯಿ. ಆಮೇಲೆ, ತೀರಾ ಹತ್ತಿರದಲ್ಲಿ, ಪಿಸುದನಿ.

"ದೀಪಿ, ಮಾತಾಡ್ಬೇಡ. ಕೇಳು."

ಎಂಜಿನ್ ಬಂತು. ನೆಲವೇ ಏದುಸಿರು ಬಿಟ್ಟಂತೆ ಬಂತು, ಮೈಮೇಲೆ ಹಾದು ಹೋಯಿತು. ಸದ್ದು ಸಣ್ಣದಾಗುತ್ತಿದ್ದಂತೆ ಮತ್ತೆ ಅವನು. "ಕೇಳಿಸ್ತಾ? ಹಲೋ… ದೀಪಿ? ಲೇ, ಕಟ್ಟಾಗೈತೆ."

"ಹೆಂಡ್ತಿಗೂ ಒಂದ್ ಟಿಕೆಟ್ ತೆಗೀಬೇಕಿತ್ತಲ್ಲೋ ಹಡಬೆ! ಮಂಡಕ್ಕಿ ನಿಂದೇ," ಎಂದು ಪಾಲಾಕ್ಷ ಕಿರುಚಿದ. ಮೂವರೂ ನಕ್ಕರು. ಮುಗಿಯಿತು.

ದೀಪಿಕಾಳಿಗೆ ಆ ದಿನ ನೆನಪಾಯಿತು. ಬಸ್ಸು ತಳಕು ದಾಟಿತ್ತು. ಅವನು ಊರಿಗೆ ಬರುವುದು ಯಾವತ್ತು ಎಂದು ಕೇಳಲು ಫೋನು ಮಾಡಿದ್ದಳು. ಗೊರಗೊರ ಸದ್ದು ಬಂದು, ಆ ದಾರಿಯಲ್ಲಿ ಎಂದಿನಂತೆ ಸಿಗ್ನಲ್ ಹೋಗಿತ್ತು. ಊರಿಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಕೇಳಿದ್ದ, ಕೇಳಿಸ್ತಾ ಎಂದು. ಬರೀ ಗದ್ದಲ, ಎಂದಿದ್ದಳು. ಅವನು ಮತ್ತೇನೂ ಕೇಳಿರಲಿಲ್ಲ.

ಈರೇಶ ಮೆಲ್ಲನೆ ಅಂದ, "ಅತ್ಗೆ, ಎಂಜಿನ್ ಸದ್ದು, ನಮ್ ಬೈಗುಳ ಎಲ್ಲಾ ತೆಗೆದು, ಅವ್ನ ಮಾತಷ್ಟೇ ಉಳಿಸಿ ಕೊಡ್ಲಾ? ಇವತ್ತೇ ಮಾಡ್ತೀನಿ."

ಅವಳು ಬಂದದ್ದು ಅದಕ್ಕೇ. ಅದೊಂದಕ್ಕೇ. ಹ್ಞೂಂ ಎನ್ನಲು ಬಾಯಿ ತೆರೆದಳು.

"ಬೇಡ," ಎಂದಳು. "ಹಂಗೇ ಇರ್ಲಿ. ಅವರು ಕೇಳಿಸ್ಬೇಕು ಅಂತಿದ್ದದ್ದು ಎಂಜಿನ್ನು."

ಈರೇಶ ಅವಳ ಫೋನಿಗೆ ಅದನ್ನು ಹಾಗೇ ಹಾಕಿಕೊಟ್ಟ. ಮುದ್ದಕ್ಕ ಮುಖ ತಿರುಗಿಸಿ ರಾಟೆ ಹಿಡಿದಳು.

ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ತಳಕು ದಾಟಿದ ಮೇಲೆ ಫೋನಿನಲ್ಲಿ ಸಿಗ್ನಲ್ ಇಳಿಯುತ್ತ ಬಂದು ಪೂರಾ ಹೋಯಿತು. ಹೊರಗೆ ಶೇಂಗಾ ಹೊಲ, ಬಂಡೆ, ಮತ್ತೆ ಶೇಂಗಾ ಹೊಲ. ಅವಳು ಇಯರ್‌ಫೋನ್ ಸಿಕ್ಕಿಸಿಕೊಂಡು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಅವರು ಟವಲ್ ಹೊದ್ದಂತೆ.

ಮಾತಾಡ್ಬೇಡ, ಕೇಳು, ಎಂದ ಅವನು.

ಎಂಜಿನ್ ಬಂತು, ಹಾದುಹೋಯಿತು. ಕೇಳಿಸ್ತಾ, ಎಂದ.

ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ಆದರೆ ದೂರದಲ್ಲಿ ಎಂಜಿನ್ ಇನ್ನೂ ಮಾತಾಡುತ್ತಿತ್ತು. ದೀಪಿಕಾ ಉಸಿರು ಬಿಗಿಹಿಡಿದು ಸುಮ್ಮನೆ ಕೂತಳು.