ಕಸ್ತೂರಿ ಟೀಚರ್ ಆರಿಸಿಕೊಂಡ ಲೆನ್ಸ್

ನಾನು ಒಂದು ಮ್ಯಾಕ್ರೋ ಲೆನ್ಸ್. ಇರುವೆಯ ಕಾಲಿನ ಕೂದಲನ್ನೂ ದೊಡ್ಡದಾಗಿ ತೋರಿಸುವ ಕ್ಯಾಮೆರಾದ ಕಣ್ಣು. ಕಡಲಾಚೆಯ ಕಾರ್ಖಾನೆಯೊಂದರಲ್ಲಿ ಗಾಜನ್ನು ತಿಕ್ಕಿ ತಿಕ್ಕಿ ನನ್ನನ್ನು ಮಾಡಿದರು. ಹುಟ್ಟುವಾಗಲೇ ದಣಿದಿದ್ದೆನೋ ಏನೋ. ಹುಬ್ಬಳ್ಳಿಯ ಅಂಗಡಿಯ ಕಪಾಟಿನಲ್ಲಿ ನನ್ನ ಪಕ್ಕ ಉದ್ದನೆಯ ಇನ್ನೊಂದು ಲೆನ್ಸ್ ಇತ್ತು. ಬಂದವರೆಲ್ಲ ಅದನ್ನೇ ಕೇಳುತ್ತಿದ್ದರು.

ಧಾರವಾಡದ ಕಸ್ತೂರಿ ಟೀಚರ್ ಒಂದು ದಿನ ಗಂಡ ಮಲ್ಲೇಶಪ್ಪನವರ ಜೊತೆ ಬಂದರು. ನಿವೃತ್ತಿಯ ಮೇಲೆ ಗುಡ್ಡ ತಿರುಗಿ ಹುಳುಹುಪ್ಪಟೆಗಳ ಚಿತ್ರ ತೆಗೆಯುವ ಆಸೆ ಟೀಚರಿಗೆ. ಬಲಭುಜದ ನೋವು ಮಾತ್ರ ಹಳೆಯದು.

"ಉದ್ದಂದು ತಗೋರಿ ಮೇಡಂ, ದೂರ ನಿಂತಽ ಚಿಟ್ಟಿ ಚಿತ್ರಾ ತೆಗೀಬಹುದು. ಈ ಸಣ್ಣದಾದ್ರ ಹುಳದ ಮೂಗಿನ ತನಕಾ ಹೋಗಬೇಕಾಗ್ತದ," ಎಂದ ಅಂಗಡಿಯವ.

ಟೀಚರ್ ನನಗಿಂತ ಭಾರದ ಆ ಉದ್ದದ್ದನ್ನು ಕ್ಯಾಮೆರಾಕ್ಕೆ ಹಾಕಿಸಿ, ಹೆಗಲಿಗೇರಿಸಿಕೊಂಡು ಅಂಗಡಿಯ ಮೆಟ್ಟಿಲು ಹತ್ತಿ ಇಳಿದರು. ಆಮೇಲೆ ನನ್ನನ್ನು ಹಾಕಿಸಿಕೊಂಡು ಹತ್ತಿ ಇಳಿದರು.

"ಹುಳದ ಮೂಗಿನ ತನಕಾ ಹೋಗೋಣಂತ. ಮೊದ್ಲ ಗುಡ್ಡದ ಮ್ಯಾಗ ಮುಟ್ಟಬೇಕಲ್ಲ," ಎಂದು ನನ್ನನ್ನೇ ಕೊಂಡರು.

ದಾಂಡೇಲಿ ಕಡೆಯ ಗುಡ್ಡಗಳನ್ನು ಹೀಗೆ ಕಂಡೆ. ಸ್ಟ್ಯಾಂಡ್ ಇಲ್ಲ, ಫ್ಲ್ಯಾಶ್ ಇಲ್ಲ. ಟೀಚರ್ ಮೊಣಕೈ ನೆಲಕ್ಕೂರಿ ಮಲಗುತ್ತಿದ್ದರು. ಮಲ್ಲೇಶಪ್ಪ ಬಿಳಿ ಟವೆಲ್ ಹಿಡಿದು ಕಣ್ಣು ಕೋರೈಸುವ ಬಿಸಿಲನ್ನು ತಡೆಯುತ್ತಿದ್ದರು.

"ಅಲ್ಲಾಡಸಬ್ಯಾಡ್ರಿ."

"ನಾ ಅಲ್ಲ, ಗಾಳಿ."

ನಾವು ಸಮೀಪಿಸುವಷ್ಟರಲ್ಲಿ ಚಿಟ್ಟೆಗಳು ಹಾರಿಹೋಗುತ್ತಿದ್ದವು. ಅಂಗಡಿಯವ ಸುಳ್ಳು ಹೇಳಿರಲಿಲ್ಲ. ಇಬ್ಬರೂ ಇಬ್ಬನಿ ಆರುವ ಮೊದಲೇ ಹೋಗುವುದನ್ನು ಕಲಿತರು. ಚಳಿಗೆ ಮರಗಟ್ಟಿದ ಹುಳುಗಳು ಆಗ ಕದಲುತ್ತಿರಲಿಲ್ಲ.

ಅಂಥದೊಂದು ಬೆಳಿಗ್ಗೆ ಟವೆಲ್ ಹಿಡಿದು ಹಿಂದೆ ಸರಿಯುತ್ತಿದ್ದ ಮಲ್ಲೇಶಪ್ಪ ಒದ್ದೆ ಬಂಡೆಯ ಮೇಲೆ ಜಾರಿದರು. ಮೊಣಕಾಲು ತಿರುಚಿಕೊಂಡಿತು. ಟೀಚರ್ ನನ್ನನ್ನು ಕೊರಳಿಗೆ ಹಾಕಿಕೊಂಡು, ಗಂಡನ ಭಾರವನ್ನೆಲ್ಲ ಎಡಹೆಗಲಿಗೆ ತಗೊಂಡು, ಕೂರುತ್ತ ಏಳುತ್ತ ಜೀಪಿನ ದಾರಿಯವರೆಗೆ ಇಳಿದರು. ದಾರಿಯಲ್ಲಿ ಬಿಟ್ಟು ಬರಬೇಕಾದಷ್ಟು ಭಾರ ನಾನಾಗಿರಲಿಲ್ಲ. ನನ್ನ ಬಾಳಿನಲ್ಲಿ ನಾನು ಮಾಡಿದ ದೊಡ್ಡ ಉಪಕಾರ ಅದೊಂದೇ.

ಆ ಕಾಲು ಮತ್ತೆ ಗುಡ್ಡ ಹತ್ತಲಿಲ್ಲ. "ನೀ ಹೋಗಿ ಬಾ," ಎಂದು ಮಲ್ಲೇಶಪ್ಪ ಹೇಳಿ ಹೇಳಿ ಒಮ್ಮೆ ಕಳಿಸಿದರು. ಟೀಚರ್ ಒಂದು ಕೈಯಲ್ಲಿ ಟವೆಲ್, ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದರು. ಎರಡೂ ನಡುಗಿದವು. ಎಲೆಯ ಮೇಲೆ ಹಸಿರು ಮಿಡತೆಯೊಂದು ಹಾರದೆ ಕೂತೇ ಇತ್ತು. ಟೀಚರ್ ಅದನ್ನು ಬಹಳ ಹೊತ್ತು ನೋಡಿದರು, ಬಟನ್ ಒತ್ತಲಿಲ್ಲ.

"ಏನ್ ಸಿಕ್ತು?" ಎಂದು ಮನೆಯಲ್ಲಿ ಮಲ್ಲೇಶಪ್ಪ ಕೇಳಿದರು.

"ಏನಿಲ್ಲ. ಬಿಸಲು ಭಾಳ ಇತ್ತು."

ಆಮೇಲೆ ಟೀಚರ್ ಗುಡ್ಡದ ಕಡೆ ಹೋಗಲಿಲ್ಲ; ನನ್ನನ್ನು ಮದುವೆ ಫೋಟೋ ತೆಗೆಯುವ ಮೌಲಾಲಿಗೆ ಕೊಟ್ಟರು. ಅಲ್ಲಿಂದ ಮುಂದೆ ಉಂಗುರಗಳು, ಬರೀ ಉಂಗುರಗಳು. ಹುಳುವಾದರೆ ಒಮ್ಮೆಯಾದರೂ ಹಾರಿಹೋಗುತ್ತಿತ್ತು. ಎಷ್ಟೋ ಮಳೆಗಾಲ ಕಳೆದು ನನ್ನ ಗಾಜಿನೊಳಗೆ ಮಬ್ಬು ಕವಿಯಿತು. ರಿಪೇರಿ ಅಂಗಡಿಯವ ಟಾರ್ಚ್ ಹಾಕಿ ನೋಡಿ, "ಬೂಷ್ಟು ಹಿಡದದ. ಬಿಡ್ರಿ ಇದನ್ನ," ಎಂದ.

ಈಗ ಅವನ ಡಬ್ಬಿಯಲ್ಲಿದ್ದೇನೆ. ಬೇರೊಂದು ಲೆನ್ಸಿಗೆಂದು ನನ್ನ ಎರಡು ಸ್ಕ್ರೂ ಬಿಚ್ಚಿಕೊಂಡಿದ್ದಾನೆ. ಉಳಿದದ್ದೂ ಹೋಗಲಿ. ಹತ್ತಿರ ಹೋಗುವುದೇ ನನ್ನ ಕೆಲಸವಾಗಿತ್ತು. ಹತ್ತಿರ ಹೋದವರು ದಣಿಯುತ್ತಾರೆ. ಆದರೆ ದೂರ ನಿಂತವರಿಗೆ ಯಾರ ಕೈ ನಡುಗಿತೆಂಬುದು ಗೊತ್ತಾಗುವುದಿಲ್ಲ.