ಮಂಚದಡಿಯ ಹಂದಿ

ಯುದ್ಧಕಾಲದಲ್ಲಿ ಪರವಾನಗಿ ಇಲ್ಲದೆ ಹಂದಿ ಕಡಿಯುವಂತಿರಲಿಲ್ಲ. ನಮ್ಮತ್ತೆ ಎಲ್ಸ್‌ಪೆಟ್ ಶುಕ್ಲಪಕ್ಷ ನೋಡಿ ಒಂದನ್ನು ಕಡಿಸಿ, ಉಪ್ಪು ಹಚ್ಚಿ, ಮಂಚದಡಿ ಬಚ್ಚಿಟ್ಟಿದ್ದರು. ಮರುದಿನವೇ ನೋಟ್‌ಬುಕ್ ಹಿಡಿದು ಗೆಡ್ಡೀಸ್ ಎಂಬವನು ಬಂದ.

“ನಿಘಂಟಿಗೆ ಹಳೇ ಪದ ಕೂಡಿಸೋನು ತಾಯಿ. ಕೊಲ್ಲೋದಕ್ಕೆ ನಮ್ಮ ಸ್ಕಾಟ್ಸ್ ಭಾಷೇಲಿ ‘ಫೆಲ್’ ಅಂತಾರಲ್ಲ, ಐನೂರು ವರ್ಷದ ಪದ. ಹಂದಿ ಕಡಿಯೋವಾಗ ನೀವು ಈಗಲೂ ಹೇಳ್ತೀರಾ?”

“ಹಂದೀನಾ? ಯಾರಪ್ಪ ಹೇಳಿದ್ದು ನಿಂಗೆ? ಆ ಪದ ನಮ್ಮಜ್ಜಿ ಜೊತೇಲೇ ಮಣ್ಣಾಯ್ತು.”

ಅವನ ಪೆನ್ಸಿಲ್ ಜಾರಿ ಮಂಚದಡಿ ಉರುಳಿತು. ಎತ್ತಿಕೊಳ್ಳಲು ಬಗ್ಗಿದ. ಅತ್ತೆ ಪೊರಕೆ ಎತ್ತಿದರು.

“ಇನ್ನೊಂಚೂರು ಬಗ್ಗು, ನಿನ್ನನ್ನೇ ಫೆಲ್ ಮಾಡ್ತೀನಿ!”

ಗೆಡ್ಡೀಸ್ ಹಿಗ್ಗಿಹೋದ. ನನ್ನ ಪೆನ್ಸಿಲ್ ಇಸಿದುಕೊಂಡು, ‘ಇಂದಿಗೂ ಬಳಕೆಯಲ್ಲಿದೆ, ೧೯೪೩’ ಎಂದು ಬರೆದುಕೊಂಡು, ಕೈಮುಗಿಯುವುದೊಂದು ಬಾಕಿ ಎಂಬಂತೆ ವಂದಿಸಿ ಹೊರಟ.

“ನೋಡಿದ್ಯೇನೇ? ಇಸವಿ ಸಮೇತ ಬರಕೊಂಡ! ಸರ್ಕಾರದವನೇ!” ಎಂದ ಅತ್ತೆ, ಹಂದಿಯನ್ನು ನನ್ನ ಮಂಚದಡಿಗೆ ದಾಟಿಸಿದರು.